ಕಾಲಿನ ಗಾಯ, ತೊಡೆಸಂದಿಯ ಗಡ್ಡೆ

ಆಟಿ ತಿಂಗಳ ಮಳೆಗೆ ನೆಲ್ಯಾಡಿಯ ಸುತ್ತಿನ ತೋಟಗಳಲ್ಲಿ ದುಡಿಯುವವರ ಪೈಕಿ ಇದನ್ನು ಕಾಣದವರು ಕಡಿಮೆ. ಅಡಿಕೆಗೆ ಮದ್ದು ಬಿಡುವಾಗಲೋ ರಬ್ಬರ್ ಗುಡ್ಡೆಯಲ್ಲಿ ಕಾಡು ಸವರುವಾಗಲೋ ಕಾಲಿಗೆ ಮುಳ್ಳು ಹೊಕ್ಕುತ್ತದೆ. ಅದನ್ನು ಕಿತ್ತೆಸೆದು ಕೆಲಸ ಮುಂದುವರಿಸುತ್ತಾರೆ. ಎರಡು ದಿನ ಕಳೆದ ಮೇಲೆ ನೋಯುವುದು ಪಾದವಲ್ಲ, ತೊಡೆಸಂದಿ. ಕೈಯಿಟ್ಟು ನೋಡಿದರೆ ಚರ್ಮದಡಿಯಲ್ಲಿ ಅತ್ತಿತ್ತ ಜಾರುವ, ಒತ್ತಿದರೆ ನೋಯುವ ಒಂದು ಗಡ್ಡೆ. ಜೊತೆಗೆ ಸಣ್ಣ ಜ್ವರ. “ಉಷ್ಣದ ಗಡ್ಡೆ, ನಾಲ್ಕು ದಿನದಲ್ಲಿ ಕರಗ್ತದೆ” ಎಂದು ಹಿರಿಯರು ಲೇಪ ಹಚ್ಚಿಸುತ್ತಾರೆ. ಹೆಚ್ಚಿನ ಸಲ ಅದು ಕರಗಿಯೂ ಹೋಗುತ್ತದೆ.

ಮುಳ್ಳು ಹೊಕ್ಕದ್ದು ಪಾದಕ್ಕೆ, ಗಡ್ಡೆ ಕಟ್ಟಿದ್ದು ಎರಡೂವರೆ ಅಡಿ ಮೇಲೆ. ಇವೆರಡರ ನಡುವೆ ಒಂದು ದಾರಿ ಇರಲೇಬೇಕಲ್ಲ? ಆ ದಾರಿಯೇ ದುಗ್ಧನಾಳ. ರಕ್ತನಾಳದ ಬಗ್ಗೆ, ನರದ ಬಗ್ಗೆ ನಾವು ದಿನಕ್ಕೆ ಹತ್ತು ಸಲ ಮಾತಾಡುತ್ತೇವೆ. ದುಗ್ಧನಾಳ ಮಾತ್ರ ಹೈಸ್ಕೂಲಿನ ಜೀವಶಾಸ್ತ್ರದ ಪುಟದಲ್ಲೇ ಉಳಿದುಬಿಡುತ್ತದೆ. ಮಳೆ, ಕೆಸರು, ಬರಿಗಾಲು ಮೂರೂ ಒಟ್ಟಿಗೆ ಇರುವ ನಮ್ಮಂಥ ಊರಿನಲ್ಲಿ ಇದನ್ನು ತಿಳಿಯದೆ ಇರುವುದಕ್ಕೆ ತೆರುವ ಬೆಲೆ ದೊಡ್ಡದು.

ಹೃದಯ ತಳ್ಳುವ ರಕ್ತ ಕೂದಲಿಗಿಂತ ಸಪೂರದ ಲೋಮನಾಳಗಳಿಗೆ ಬಂದಾಗ ಅದರ ನೀರಿನಂಶ ಸ್ವಲ್ಪ ಹೊರಗೆ ಒಸರುತ್ತದೆ. ಕೋಶಗಳಿಗೆ ಆಮ್ಲಜನಕ, ಸಕ್ಕರೆ, ಲವಣ ಮುಟ್ಟುವುದು ಹೀಗೆ. ಒಸರಿದ್ದರಲ್ಲಿ ಬಹುಪಾಲು ರಕ್ತಕ್ಕೆ ಮರಳಿದರೂ ದಿನಕ್ಕೆ ಸುಮಾರು 3 ಲೀಟರಿನಷ್ಟು ಅಂಗಾಂಶಗಳ ಎಡೆಯಲ್ಲೇ ಉಳಿಯುತ್ತದೆ, ರಕ್ತದಿಂದ ಸೋರಿದ ಪ್ರೋಟೀನೂ ಅದರೊಂದಿಗೆ ಇರುತ್ತದೆ. ದೊಡ್ಡವರ ಮೈಯಲ್ಲಿರುವ ಒಟ್ಟು ರಕ್ತವೇ 5 ಲೀಟರಿನ ಆಸುಪಾಸು. ಹೀಗಿರುವಾಗ ದಿನಕ್ಕೆ 3 ಲೀಟರ್ ಹಿಂದಿರುಗದಿದ್ದರೆ ಏನಾದೀತೆಂದು ಊಹಿಸಿ. ಅಡಿಕೆ ತೋಟದಲ್ಲಿ ಸಾಲುಗಳ ನಡುವೆ ಕಣಿ ತೆಗೆಯುವುದು ಏಕೆಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಬುಡಕ್ಕೆ ನೀರು ಬೇಕು, ನಿಂತ ನೀರು ಬೇಡ. ಕಣಿ ಮುಚ್ಚಿಹೋದರೆ ಬೇರು ಕೊಳೆಯುತ್ತದೆ. ದೇಹದಲ್ಲಿ ಆ ಕಣಿಗಳ ಕೆಲಸ ದುಗ್ಧನಾಳಗಳದ್ದು, ಅವುಗಳಲ್ಲಿ ಹರಿಯುವ ತಿಳಿ ದ್ರವವೇ ದುಗ್ಧರಸ.

ಈ ನಾಳಗಳ ತುದಿಯ ಕಟ್ಟೋಣ ನೋಡಬೇಕಾದ್ದು. ಚರ್ಮದಡಿಯಲ್ಲಿ ಮುಚ್ಚಿದ ತುದಿಯಿಂದ ಅವು ಹೊರಡುತ್ತವೆ. ಗೋಡೆಯ ಕೋಶಗಳು ಒಂದರ ಅಂಚಿನ ಮೇಲೆ ಇನ್ನೊಂದು ಏರಿ ಕುಳಿತಿವೆ, ಹೊರಬದಿಯಿಂದ ಸಪೂರ ಎಳೆಗಳು ಅವನ್ನು ಸುತ್ತಲಿನ ಅಂಗಾಂಶಕ್ಕೆ ಬಿಗಿದಿವೆ. ಹೊರಗೆ ನೀರು ಹೆಚ್ಚಾಗಿ ಅಂಗಾಂಶ ಉಬ್ಬಿದಾಗ ಎಳೆಗಳು ಜಗ್ಗುತ್ತವೆ, ಕೋಶಗಳ ಎಡೆ ತೆರೆಯುತ್ತದೆ, ದ್ರವ ಒಳಗೆ ನುಗ್ಗುತ್ತದೆ. ಒಳಗೆ ತುಂಬಿದೊಡನೆ ಎಡೆ ತಾನೇ ಮುಚ್ಚಿಕೊಳ್ಳುತ್ತದೆ. ರಕ್ತದ ಲೋಮನಾಳದೊಳಗೆ ಸುಲಭವಾಗಿ ನುಸುಳಲಾಗದ ದೊಡ್ಡ ಪ್ರೋಟೀನ್, ಬ್ಯಾಕ್ಟೀರಿಯಾ, ಸತ್ತ ಕೋಶದ ಚೂರು ಇವಕ್ಕೆಲ್ಲ ಇಲ್ಲಿ ದಾರಿ ಉಂಟು. ಮುಳ್ಳಿನ ತುದಿಯಲ್ಲಿ ಬಂದ ನಂಜು ಮೇಲಕ್ಕೆ ಹೊರಡುವುದೂ ಇಲ್ಲಿಂದಲೇ.

ಮುಂದೆ ಸಣ್ಣ ನಾಳಗಳು ಕೂಡಿ ದೊಡ್ಡವಾಗುತ್ತವೆ. ಅವುಗಳೊಳಗೆ ಗೇಣಿಗೂ ಕಡಿಮೆ ಅಂತರದಲ್ಲಿ ಕವಾಟಗಳಿವೆ. ಮೇಲಕ್ಕೆ ಬಿಡುತ್ತವೆ, ಕೆಳಗಿಳಿಯಲು ಬಿಡುವುದಿಲ್ಲ. ರಕ್ತಕ್ಕೆ ಹೃದಯವಿದ್ದ ಹಾಗೆ ಈ ವ್ಯವಸ್ಥೆಗೆ ಪ್ರತ್ಯೇಕ ಪಂಪು ಇಲ್ಲ. ನಾಳದ ಗೋಡೆಯ ಸ್ನಾಯು ನಿಮಿಷಕ್ಕೆ ಕೆಲವು ಸಲ ಮೆಲ್ಲಗೆ ಹಿಂಡುತ್ತದೆ, ಉಳಿದದ್ದು ನಮ್ಮ ಓಡಾಟದಿಂದ ಆಗಬೇಕು. ನಡೆಯುವಾಗ ಮೀನಖಂಡ ಬಿಗಿದು ಸಡಿಲವಾಗುತ್ತದೆ, ಉಸಿರೆಳೆದಾಗ ವಪೆ ಕೆಳಗಿಳಿಯುತ್ತದೆ, ಪ್ರತಿ ಸಲವೂ ದುಗ್ಧರಸ ಒಂದಿಷ್ಟು ಮೇಲೇರುತ್ತದೆ. ರಾತ್ರಿಯ ಬಸ್ಸಿನಲ್ಲಿ ಕಾಲು ಇಳಿಬಿಟ್ಟು ಕುಳಿತು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಇಳಿದವರಿಗೆ ಬೆಳಗ್ಗೆ ಚಪ್ಪಲಿ ಬಿಗಿಯಾಗುತ್ತದಲ್ಲ, ಕುಳಿತಲ್ಲೇ ಇದ್ದ ಕಾಲಿನಿಂದ ದ್ರವ ಮೇಲೆ ಹೋಗದ್ದರ ಗುರುತು ಅದು.

ಪಾದದಿಂದ ಹೊರಟ ನಾಳಗಳಲ್ಲಿ ಕೆಲವು ಮೊಣಕಾಲಿನ ಹಿಂದೆ ತಂಗಿ ಹೋದರೆ ಹೆಚ್ಚಿನವು ನೇರ ತೊಡೆಸಂದಿಗೆ ಬರುತ್ತವೆ. ಅಲ್ಲಿಂದ ಹೊಟ್ಟೆಯ ಹಿಂಬದಿಯಲ್ಲಿ ಸಾಗಿ, ಬೆನ್ನುಮೂಳೆಯ ಮುಂದೆ 40 ಸೆಂಟಿಮೀಟರಿನಷ್ಟು ಉದ್ದದ ಎದೆಯ ದೊಡ್ಡ ದುಗ್ಧನಾಳವಾಗಿ, ಎಡ ಕೊರಳಿನ ಬುಡದಲ್ಲಿ ರಕ್ತದ ಅಭಿಧಮನಿಗೆ ಕೂಡುತ್ತವೆ. ಎರಡು ಕಾಲು, ಹೊಟ್ಟೆ, ಎಡಗೈ, ತಲೆಯ ಎಡಭಾಗ ಎಲ್ಲದರ ಹರಿವೂ ಈ ಒಂದೇ ನಾಳಕ್ಕೆ. ಬಲಗೈ ಮತ್ತು ತಲೆ, ಎದೆಗಳ ಬಲಭಾಗ ಮಾತ್ರ ಬಲ ಕೊರಳಿನಲ್ಲಿ ಸೇರುತ್ತದೆ. ಹೊಟ್ಟೆಯ ಕ್ಯಾನ್ಸರ್ ಇರಬಹುದೆಂಬ ಸಂಶಯ ಬಂದಾಗ ವೈದ್ಯರು ಎಡ ಕೊರಳೆಲುಬಿನ ಮೇಲೆ ಬೆರಳಿಟ್ಟು ತಡಕುವುದು ಇದೇ ಕಾರಣಕ್ಕೆ.

ಈಗ ಆ ಗಡ್ಡೆ. ಮೈಯಲ್ಲಿ ಸುಮಾರು 600 ದುಗ್ಧಗ್ರಂಥಿಗಳಿವೆ. ಕೊರಳು, ಕಂಕುಳು, ತೊಡೆಸಂದಿ, ಎದೆಯ ನಡುವೆ, ಕರುಳಿನ ಬದಿ ಹೀಗೆ ಗುಂಪು ಗುಂಪಾಗಿ ಕುಳಿತಿವೆ. ಸಾಮಾನ್ಯವಾಗಿ ಒಂದು ಸೆಂಟಿಮೀಟರಿಗೂ ಸಣ್ಣವು, ಕೈಗೆ ಸಿಗುವುದೇ ಕಷ್ಟ. ಒಂದನ್ನು ಉದ್ದಕ್ಕೆ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರೆ ಅದರ ಒಳಾಂಗಣ ಎಷ್ಟು ಅಚ್ಚುಕಟ್ಟಾಗಿದೆ ಎಂದು ಕಾಣುತ್ತದೆ. ಹೊರಗೆ ಗಟ್ಟಿ ಪೊರೆ. ಉಬ್ಬಿದ ಬದಿಯಿಂದ ಹಲವು ನಾಳಗಳು ಒಳಬರುತ್ತವೆ, ತಗ್ಗಿದ ಬದಿಯಿಂದ ಒಂದೆರಡು ಹೊರಹೋಗುತ್ತವೆ. ಬಂದ ದ್ರವ ಪೊರೆಯಡಿಯ ಅಗಲ ಜಾಗಕ್ಕೆ ಬಿದ್ದು ನಿಧಾನವಾಗುತ್ತದೆ. ಅಲ್ಲೇ ಕಾದಿರುವ ಭಕ್ಷಕ ಕೋಶಗಳು ಬ್ಯಾಕ್ಟೀರಿಯಾವನ್ನು ಹಿಡಿದು ನುಂಗುತ್ತವೆ. ಹೊರವಲಯದಲ್ಲಿ ಬಿ ಕೋಶಗಳ ದುಂಡನೆಯ ಗುಂಪುಗಳು, ಅವುಗಳಿಂದ ಒಳಬದಿಗೆ ಟಿ ಕೋಶಗಳ ವಲಯ, ನಡುಮಧ್ಯೆ ಪ್ರತಿಕಾಯ ತಯಾರಿಸಿ ಹೊರಗೆ ಬಿಡುವ ಕೋಶಗಳ ಸಾಲು.

ಯಾವ ಕೋಶವನ್ನು ಎಲ್ಲಿ ಕೂರಿಸಬೇಕೆಂಬ ಈ ಹಂಚಿಕೆ ಏಕೆ ಬೇಕು? ಒಂದು ನಿರ್ದಿಷ್ಟ ರೋಗಾಣುವನ್ನು ಗುರುತಿಸಬಲ್ಲ ಟಿ ಕೋಶ ಲಕ್ಷದಲ್ಲಿ ಒಂದು, ಕೆಲವು ಸಲ ಹತ್ತು ಲಕ್ಷದಲ್ಲಿ ಒಂದು ಮಾತ್ರ ಇರುತ್ತದೆ. ಆ ಒಂದು ಕೋಶ ಪಾದದ ಮುಳ್ಳಿನ ಗಾಯದ ಹತ್ತಿರ ತಾನಾಗಿ ಹಾಯುವ ಸಾಧ್ಯತೆ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಾಗಿ ಚರ್ಮದ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ತುಣುಕನ್ನು ಎತ್ತಿಕೊಂಡು ದುಗ್ಧನಾಳದ ದಾರಿಯಲ್ಲಿ ಗ್ರಂಥಿಗೆ ಬರುತ್ತವೆ. ಇನ್ನೊಂದು ಕಡೆಯಿಂದ ಟಿ ಕೋಶಗಳು ರಕ್ತದ ಮೂಲಕ ಗ್ರಂಥಿಯೊಳಗೆ ಇಳಿದು, ಅರ್ಧ ದಿನವೋ ಒಂದು ದಿನವೋ ಹುಡುಕಾಡಿ, ತಮ್ಮದು ಸಿಗದಿದ್ದರೆ ಮುಂದಿನ ಗ್ರಂಥಿಗೆ ಹೊರಡುತ್ತವೆ. ಸಿಕ್ಕಿದ ಕೋಶ ಅಲ್ಲೇ ನಿಲ್ಲುತ್ತದೆ, ಒಡೆದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೆಲವೇ ದಿನಗಳಲ್ಲಿ ಸಾವಿರಾರು ಆಗುತ್ತದೆ. ಜೊತೆಗೆ ಗ್ರಂಥಿಗೆ ಬರುವ ರಕ್ತ ಹೆಚ್ಚಾಗುತ್ತದೆ, ಹೊರಹೋಗುವ ಕೋಶಗಳಿಗೆ ಸ್ವಲ್ಪ ಕಾಲ ತಡೆ ಬೀಳುತ್ತದೆ. ಒಳಗೆ ಜನ ಹೆಚ್ಚಿದಂತೆ ಗ್ರಂಥಿ ಊದುತ್ತದೆ, ಗಟ್ಟಿ ಪೊರೆ ಬಿಗಿಯುತ್ತದೆ, ಅದೇ ನೋವು. ಕೆಲಸ ಮುಗಿದ ಮೇಲೆ ಹೆಚ್ಚಿನ ಕೋಶಗಳು ಸಾಯುತ್ತವೆ, ಕೆಲವು ನೆನಪಿಗೆ ಉಳಿಯುತ್ತವೆ, ಗಡ್ಡೆ ಇಳಿಯುತ್ತದೆ. ಲೇಪಕ್ಕೆ ಸಂದ ಕೀರ್ತಿ ನಿಜವಾಗಿ ಈ ಕೋಶಗಳದ್ದು.

ಹಾಗಾಗಿ ತೊಡೆಸಂದಿಯಲ್ಲಿ ಗಡ್ಡೆ ಕಂಡರೆ ಮೊದಲು ಪಾದ ನೋಡಿ. ಬೆರಳ ಸಂದಿ, ಹಿಮ್ಮಡಿಯ ಬಿರುಕು, ಉಗುರಿನ ಅಂಚು ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡಿ. ಕಂಕುಳಲ್ಲಿ ಕಂಡರೆ ಕೈ ಮತ್ತು ಎದೆ, ದವಡೆಯಡಿ ಕಂಡರೆ ಹಲ್ಲು ಮತ್ತು ಗಂಟಲು. ನೋಯುವ, ಮೆತ್ತಗಿನ, ಜಾರುವ ಗಡ್ಡೆಗಿಂತ ನೋವೇ ಇಲ್ಲದೆ ಬೆಳೆಯುವ ಗಡ್ಡೆಯ ಬಗ್ಗೆ ಭಯ ಹೆಚ್ಚಿರಬೇಕು. ಒಂದು ತಿಂಗಳಾದರೂ ಇಳಿಯದ್ದು, ಎರಡು ಸೆಂಟಿಮೀಟರಿಗಿಂತ ದೊಡ್ಡದು, ಕಲ್ಲಿನಂತೆ ಗಟ್ಟಿಯಾದದ್ದು, ಒಂದಕ್ಕೊಂದು ಅಂಟಿಕೊಂಡದ್ದು, ಕೊರಳೆಲುಬಿನ ಮೇಲೆ ಕಂಡದ್ದು, ತೂಕ ಇಳಿಯುವುದು ಮತ್ತು ರಾತ್ರಿ ಬೆವರುವುದರ ಜೊತೆ ಬಂದದ್ದು: ಇವುಗಳಲ್ಲಿ ಒಂದಿದ್ದರೂ ಆಸ್ಪತ್ರೆಗೆ ಹೋಗಲೇಬೇಕು. ನಮ್ಮ ದೇಶದಲ್ಲಿ ಕೊರಳಿನ ಗ್ರಂಥಿಗಳ ಇಂಥ ಊತಕ್ಕೆ ಕ್ಷಯ ಒಂದು ದೊಡ್ಡ ಕಾರಣ. ಕೆಮ್ಮೇ ಇಲ್ಲದ ಕ್ಷಯ ಇರಬಹುದೆಂದು ಎಷ್ಟೋ ಮನೆಯವರು ನಂಬುವುದಿಲ್ಲ. ಸಪೂರ ಸೂಜಿಯಿಂದ ಒಂದು ಹನಿ ತೆಗೆದು ಪರೀಕ್ಷಿಸಿದರೆ ತಿಳಿಯುತ್ತದೆ, ಸರಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಧರ್ಮಕ್ಕೆ ಸಿಗುತ್ತದೆ.

ಜ್ವರದ ಜೊತೆ ಊದುವ ಗ್ರಂಥಿಗಳ ಬಗ್ಗೆ ಇನ್ನೊಂದು ಮಾತು ಈ ಕಡೆಯವರಿಗೆ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ 1982–83ರಲ್ಲಿ ನಮ್ಮ ನೆರೆಯ ಬೆಳ್ತಂಗಡಿ ತಾಲೂಕಿನ ನಿಡ್ಲೆ ಪರಿಸರಕ್ಕೆ ಬಂದಿತ್ತು. ಕಾಡಿನ ಉಣ್ಣೆಹುಳ ಕಚ್ಚಿ ಬರುವ ಆ ಜ್ವರದಲ್ಲೂ ಕಣ್ಣು ಕೆಂಪಾಗಿ, ಕೊರಳು ಮತ್ತು ಕಂಕುಳ ಗ್ರಂಥಿಗಳು ಊದುವುದುಂಟು. ಬೇಸಗೆಯಲ್ಲಿ ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಕಾಡಿಗೆ ಹೋದದ್ದನ್ನು ವೈದ್ಯರಿಗೆ ಹೇಳಲು ಮರೆಯಬಾರದು.

ಗ್ರಂಥಿಯೊಳಗೆ ಕಾದು ಕೂರುವ ಈ ಕೋಶಗಳು ಹುಟ್ಟುವುದು ಎಲುಬಿನೊಳಗಿನ ಮಜ್ಜೆಯಲ್ಲಿ. ಅವುಗಳಲ್ಲಿ ಬಿ ಮತ್ತು ಟಿ ಎಂಬ ಎರಡು ಬಗೆ ಇವೆ ಎಂದು ಜಗತ್ತಿಗೆ ತಿಳಿಯಲು ದಾರಿ ಮಾಡಿದ್ದು ಕೋಳಿ. ಕೋಳಿಯ ಬಾಲದಡಿ, ಹಿಕ್ಕೆ ಹೊರಬರುವ ದಾರಿಯ ಮೇಲ್ಭಾಗದಲ್ಲಿ, ಒಂದು ಸಣ್ಣ ಚೀಲವಿದೆ. ಇಟಲಿಯ ಫ್ಯಾಬ್ರಿಷಿಯಸ್ ಎಂಬ ಅಂಗರಚನಾಶಾಸ್ತ್ರಜ್ಞ ಅದನ್ನು ಬಣ್ಣಿಸಿ ಮೂರು ಶತಮಾನಕ್ಕೂ ಹೆಚ್ಚು ಕಾಲ ಅದರ ಉಪಯೋಗ ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಒಹಾಯೊದಲ್ಲಿ ಬ್ರೂಸ್ ಗ್ಲಿಕ್ ಎಂಬ ವಿದ್ಯಾರ್ಥಿ ಮರಿಗಳಿಂದ ಆ ಚೀಲವನ್ನು ತೆಗೆದು ಸಾಕಿದ್ದ. ಅವನ ಸ್ನೇಹಿತ ತಿಮೊಥಿ ಚಾಂಗ್ ತರಗತಿಯಲ್ಲಿ ಪ್ರತಿಕಾಯ ಉತ್ಪತ್ತಿಯನ್ನು ತೋರಿಸಲು ಅದೇ ಕೋಳಿಗಳಿಗೆ ಚುಚ್ಚುಮದ್ದು ಕೊಟ್ಟಾಗ ಅವು ಪ್ರತಿಕಾಯ ತಯಾರಿಸಲೇ ಇಲ್ಲ. 1956ರಲ್ಲಿ ಅವರ ಲೇಖನ ಅಚ್ಚಾದದ್ದು ಕೋಳಿ ಸಾಕಣೆಯ ಪತ್ರಿಕೆಯಲ್ಲಿ. ಮನುಷ್ಯರ ವೈದ್ಯರು ಅದನ್ನು ಗಮನಿಸಲು ವರ್ಷಗಳು ಬೇಕಾದವು. ಆ ಚೀಲಕ್ಕಿರುವ ‘ಬರ್ಸಾ’ ಎಂಬ ಹೆಸರಿನ ಮೊದಲಕ್ಷರವೇ ಬಿ ಕೋಶದ ಬಿ. ನಮಗೆ ಅಂಥ ಚೀಲವಿಲ್ಲ, ನಮ್ಮ ಬಿ ಕೋಶಗಳು ಎಲುಬಿನ ಮಜ್ಜೆಯಲ್ಲೇ ಪಳಗುತ್ತವೆ.

ಊರಲ್ಲಿ ಬ್ರಾಯ್ಲರ್ ಕೋಳಿ ಸಾಕುವವರಿಗೆ ಗುಂಬೊರೊ ರೋಗದ ಹೆಸರು ಗೊತ್ತಿದೆ. ಮರಿಗಳಿಗೆ ಎರಡು ವಾರ ತುಂಬುವ ಹೊತ್ತಿಗೆ ಕುಡಿಯುವ ನೀರಿನಲ್ಲಿ ಅದರ ಲಸಿಕೆ ಕೊಡುತ್ತಾರೆ. ಆ ವೈರಸ್ ಹಾಳುಮಾಡುವುದು ಇದೇ ಚೀಲವನ್ನು. ಚೀಲ ಹಾಳಾದ ಮರಿ ಬದುಕಿ ಉಳಿದರೂ ಬೇರೆ ರೋಗದ ಲಸಿಕೆ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ.

ಟಿ ಕೋಶದ ಟಿ ಬಂದದ್ದು ಥೈಮಸ್‌ನಿಂದ. ಎದೆಯೆಲುಬಿನ ಹಿಂದೆ, ಹೃದಯದ ಮೇಲೆ ಕೂತಿರುವ ಇದು ಮಕ್ಕಳಲ್ಲಿ ದೊಡ್ಡದು. ಪ್ರಾಯ ಬಂದ ಮೇಲೆ ಕುಗ್ಗುತ್ತಾ ಕೊಬ್ಬಾಗುತ್ತದೆ. ದೊಡ್ಡವರಲ್ಲಿ ಅದನ್ನು ತೆಗೆದರೂ ಏನೂ ಆಗದ್ದನ್ನು ಕಂಡು, ಕೆಲಸವಿಲ್ಲದ ಅಂಗವೆಂದೇ ವೈದ್ಯಲೋಕ ನಂಬಿತ್ತು. 1961ರಲ್ಲಿ ಲಂಡನಿನಲ್ಲಿ ಜಾಕ್ ಮಿಲ್ಲರ್ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಮರಿಗಳು ಸೊರಗಿ ಸೋಂಕಿಗೆ ಬಲಿಯಾದವು, ಬೇರೆ ಇಲಿಯ ಚರ್ಮವನ್ನು ಕಸಿ ಮಾಡಿದರೆ ಅದು ಪರಕೀಯವೆಂದು ಅವುಗಳ ಮೈ ಗುರುತಿಸಲಿಲ್ಲ. ಮಜ್ಜೆಯಿಂದ ಬಂದ ಎಳೆಯ ಕೋಶಗಳು ಥೈಮಸ್‌ನಲ್ಲಿ ಎರಡು ಪರೀಕ್ಷೆ ದಾಟಬೇಕು. ದೇಹದ ಗುರುತುಚೀಟಿಯನ್ನು ಓದಲಾರದ ಕೋಶ ಸಾಯುತ್ತದೆ. ದೇಹದ ಸ್ವಂತ ವಸ್ತುವಿನ ಮೇಲೆಯೇ ಬೀಳುವ ಕೋಶವೂ ಸಾಯುತ್ತದೆ. ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಅಲ್ಲಿಯೇ ಕೊನೆಯಾಗಿ ಉಳಿದವು ಮಾತ್ರ ಹೊರಬರುತ್ತವೆ. ಈ ಸೋಸುವಿಕೆ ತಪ್ಪಿದರೆ ದೇಹ ತನ್ನನ್ನೇ ತಿನ್ನತೊಡಗುತ್ತದೆ.

ಈ ಕೋಶಗಳು ಇರುವುದು ಗ್ರಂಥಿಗಳಲ್ಲಿ ಮಾತ್ರವಲ್ಲ. ಟಾನ್ಸಿಲ್‌ಗಳು ಬಾಯಿ ಮೂಗುಗಳಿಂದ ಬರುವುದನ್ನು ಮೊದಲು ಕಾಣುವ ದುಗ್ಧ ಅಂಗಾಂಶ. ಸಣ್ಣ ಕರುಳಿನ ಕೊನೆಯ ಭಾಗದ ಗೋಡೆಯಲ್ಲೂ ಇಂಥವೇ ತೇಪೆಗಳಿವೆ. ಟೈಫಾಯ್ಡಿನ ಬ್ಯಾಕ್ಟೀರಿಯಾ ಒಳನುಗ್ಗುವುದು ಆ ತೇಪೆಗಳ ಮೂಲಕ, ಚಿಕಿತ್ಸೆ ತಡವಾದಾಗ ಕರುಳು ತೂತಾಗುವುದೂ ಅಲ್ಲಿಯೇ. ಊಟದ ಕೊಬ್ಬಿನ ಹೆಚ್ಚಿನ ಪಾಲು ರಕ್ತಕ್ಕೆ ಸೇರುವುದು ಕರುಳಿನ ದುಗ್ಧನಾಳಗಳ ದಾರಿಯಾಗಿಯೇ. ಈ ನಾಳಗಳು ಮೊದಲು ಕಣ್ಣಿಗೆ ಬಿದ್ದದ್ದೂ ಕೊಬ್ಬಿನಿಂದ. 1622ರಲ್ಲಿ ಇಟಲಿಯ ಗ್ಯಾಸ್ಪಾರೊ ಅಸೆಲ್ಲಿ, ಆಗಷ್ಟೇ ಹೊಟ್ಟೆತುಂಬ ತಿಂದಿದ್ದ ನಾಯಿಯ ಹೊಟ್ಟೆ ಬಿಚ್ಚಿದಾಗ ಬಿಳಿ ಎಳೆಗಳು ಕಂಡವು. ನರಗಳೆಂದುಕೊಂಡು ಒಂದನ್ನು ಕತ್ತರಿಸಿದರೆ ಹಾಲಿನಂಥ ದ್ರವ ಚಿಮ್ಮಿತು.

ಗುಲ್ಮದ ಬಗ್ಗೆ ಮಾತ್ರ ಅವಸರ ಮಾಡುವಂತಿಲ್ಲ. ಅಡಿಕೆ ಮರ ಹತ್ತುವವರ ಊರಿದು, ರಾಷ್ಟ್ರೀಯ ಹೆದ್ದಾರಿ 75 ಪೇಟೆಯ ನಡುವೆಯೇ ಹಾದುಹೋಗುವ ಊರಿದು. ಹೊಟ್ಟೆಯ ಎಡಗಡೆ, 9ರಿಂದ 11ನೇ ಪಕ್ಕೆಲುಬುಗಳಡಿ ಗುಲ್ಮ ಅಡಗಿದೆ, ತೂಕ ಸುಮಾರು 150 ಗ್ರಾಂ. ದುಗ್ಧಗ್ರಂಥಿ ದುಗ್ಧರಸವನ್ನು ಸೋಸಿದರೆ ಗುಲ್ಮ ಸೋಸುವುದು ನೇರ ರಕ್ತವನ್ನು. ಅದರ ಕೆಂಪು ಭಾಗದ ಇಕ್ಕಟ್ಟಿನ ಸೀಳುಗಳಲ್ಲಿ ಕೆಂಪು ರಕ್ತಕಣಗಳು ಮೈ ಬಳುಕಿಸಿ ನುಸುಳಬೇಕು. 120 ದಿನದ ಆಯಸ್ಸು ಮುಗಿಯುತ್ತ ಬಂದ ಬಿರುಸಾದ ಕಣ ಸಿಕ್ಕಿಬೀಳುತ್ತದೆ, ಭಕ್ಷಕ ಕೋಶ ಅದನ್ನು ಒಡೆದು ಕಬ್ಬಿಣವನ್ನು ಮರುಬಳಕೆಗೆ ಕಳುಹಿಸುತ್ತದೆ. ಬಿಳಿ ಭಾಗದಲ್ಲಿ ಗ್ರಂಥಿಯಲ್ಲಿರುವಂತೆಯೇ ಬಿ, ಟಿ ಕೋಶಗಳು. ಮಲೇರಿಯಾದ ರೋಗಾಣು ಹೊಕ್ಕ ಕಣಗಳನ್ನು ಹಿಡಿಯುತ್ತ ಹಿಡಿಯುತ್ತ ಗುಲ್ಮ ಬೆಳೆಯುತ್ತದೆ. ಹಳಬರು ಜ್ವರಗಡ್ಡೆ ಎಂದದ್ದು ಅದನ್ನೇ. ರಕ್ತಪರೀಕ್ಷೆ ಸುಲಭವಿಲ್ಲದ ಕಾಲದಲ್ಲಿ ಮಕ್ಕಳ ಹೊಟ್ಟೆ ಮುಟ್ಟಿ, ಎಷ್ಟು ಮಕ್ಕಳಿಗೆ ಗುಲ್ಮ ಕೈಗೆ ಸಿಗುತ್ತದೆ ಎಂದು ಲೆಕ್ಕ ಹಾಕಿ ಒಂದೂರಿನ ಮಲೇರಿಯಾವನ್ನು ಅಳೆಯುತ್ತಿದ್ದರು.

ಮರದಿಂದ ಜಾರಿ ಎಡ ಪಕ್ಕೆಗೆ ಪೆಟ್ಟು ಬಿದ್ದವರು, ಬೈಕಿನ ಹ್ಯಾಂಡಲ್ ಹೊಟ್ಟೆಗೆ ತಾಗಿದವರು ಎದ್ದು ನಿಂತು “ಎಂತದೂ ಆಗಲಿಲ್ಲ” ಎನ್ನುವುದುಂಟು. ಗುಲ್ಮ ಸೀಳಿದ್ದರೆ ರಕ್ತ ಒಳಗೊಳಗೇ ಸೋರುತ್ತದೆ. ಕೆಲವರಲ್ಲಿ ಮೊದಲು ಪೊರೆಯಡಿ ಹೆಪ್ಪುಗಟ್ಟಿ ದಿನಗಳ ಮೇಲೆ ಒಡೆಯುತ್ತದೆ. ಎಡ ಭುಜದ ತುದಿಯಲ್ಲಿ ಕಾರಣವಿಲ್ಲದ ನೋವು, ತಲೆ ಸುತ್ತು, ಬಿಳುಚಿದ ಮುಖ ಕಂಡರೆ ಮರುದಿನಕ್ಕೆ ಕಾಯದೆ ಸ್ಕ್ಯಾನಿಂಗ್ ಇರುವಲ್ಲಿಗೆ ಕರೆದೊಯ್ಯಬೇಕು. ಹಿಂದೆ ಸೀಳಿದ ಗುಲ್ಮವನ್ನು ಹೆಚ್ಚಾಗಿ ತೆಗೆದೇಬಿಡುತ್ತಿದ್ದರು, ಈಗ ಉಳಿಸಲು ನೋಡುತ್ತಾರೆ. ತೆಗೆಯಬೇಕಾಗಿ ಬಂದವರಿಗೆ ನ್ಯುಮೋಕಾಕಸ್‌ನಂಥ ಬ್ಯಾಕ್ಟೀರಿಯಾದ ಲಸಿಕೆ ಹಾಕಿಸಬೇಕು. ಗುಲ್ಮವಿಲ್ಲದವರಿಗೆ ಬರುವ ಜ್ವರವನ್ನು ಎಂದೂ ಸಾದಾ ಜ್ವರವೆಂದು ಬಿಡಬಾರದು.

ಇಷ್ಟೆಲ್ಲ ಹೇಳಿದ್ದರ ಹಿಂದೆ ನನ್ನ ಮನಸ್ಸಿನಲ್ಲಿರುವುದು ಆನೆಕಾಲು. ದುಗ್ಧನಾಳದ ರೋಗಗಳಲ್ಲಿ ಕರಾವಳಿಯನ್ನು ತಲೆಮಾರುಗಳಿಂದ ಕಾಡಿದ್ದು ಇದು. ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ, ಆಚೆಗೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ, ಬಾಗಲಕೋಟೆ ಇವು ರಾಜ್ಯದ ಆನೆಕಾಲು ನಿರ್ಮೂಲನ ಕಾರ್ಯಕ್ರಮದ ಪಟ್ಟಿಗೆ ಸೇರಿದ ಜಿಲ್ಲೆಗಳು. ಕೊಳೆತ ನೀರಿನಲ್ಲಿ ಬೆಳೆಯುವ ಕ್ಯೂಲೆಕ್ಸ್ ಸೊಳ್ಳೆ ಮರಿಹುಳವನ್ನು ತರುತ್ತದೆ. ಒಂದೆರಡು ಕಡಿತದಿಂದ ಇದು ಬರುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಕಚ್ಚಿಸಿಕೊಳ್ಳಬೇಕು. ಹೆಚ್ಚಿನವರಿಗೆ ಬಾಲ್ಯದಲ್ಲೇ ಹೊಕ್ಕಿರುತ್ತದೆ, ಕಾಲು ಊದುವುದು ಎಷ್ಟೋ ವರ್ಷಗಳ ಮೇಲೆ. ಹುಳ ಬೆಳೆದು ದುಗ್ಧನಾಳದೊಳಗೆ ಮನೆ ಮಾಡುತ್ತದೆ. ಹೆಣ್ಣು ಹುಳದ ಉದ್ದ 8ರಿಂದ 10 ಸೆಂಟಿಮೀಟರ್, ದಪ್ಪ ನೂಲಿನಷ್ಟು. ಆಯಸ್ಸು ಆರೆಂಟು ವರ್ಷ. ಅದು ಹಡೆಯುವ ಲಕ್ಷಾಂತರ ಮರಿಗಳು ಹಗಲು ಶ್ವಾಸಕೋಶದ ಆಳದ ನಾಳಗಳಲ್ಲಿ ಅಡಗಿದ್ದು, ರಾತ್ರಿ ಸೊಳ್ಳೆ ಕಚ್ಚುವ ಹೊತ್ತಿಗೆ ಹೊರಗಿನ ರಕ್ತಕ್ಕೆ ಬರುತ್ತವೆ. ಆರೋಗ್ಯ ಇಲಾಖೆಯವರು ರಕ್ತದ ಹನಿ ತೆಗೆಯಲು ರಾತ್ರಿ ಹೊತ್ತು ಮನೆ ಬಾಗಿಲಿಗೆ ಬರುತ್ತಿದ್ದದ್ದು ಅದಕ್ಕೇ.

ಸೊಳ್ಳೆ ರೋಗ ಹರಡಬಲ್ಲದೆಂಬ ತಿಳಿವಳಿಕೆಯೇ ಈ ರೋಗದಿಂದ ಶುರುವಾದದ್ದು. 1872ರಲ್ಲಿ ಕಲ್ಕತ್ತದಲ್ಲಿ ತಿಮೊಥಿ ಲೂಯಿಸ್ ಮನುಷ್ಯರ ರಕ್ತದಲ್ಲಿ ಮರಿಹುಳ ಕಂಡರು. 1877ರಲ್ಲಿ ಚೀನಾದ ಅಮಾಯ್ ಬಂದರಿನಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಆ ಮರಿ ಸೊಳ್ಳೆಯ ಮೈಯಲ್ಲಿ ಬೆಳೆಯುವುದನ್ನು ತೋರಿಸಿದರು. ಮಲೇರಿಯಾದ ವಿಷಯದಲ್ಲಿ ರೊನಾಲ್ಡ್ ರಾಸ್‌ಗೆ ದಾರಿ ತೋರಿದ್ದು ಇದೇ ಮ್ಯಾನ್ಸನ್.

ಹುಳ ಇದ್ದಲ್ಲಿ ನಾಳ ಅಗಲವಾಗುತ್ತದೆ, ಕವಾಟಗಳು ಕೂಡುವುದಿಲ್ಲ, ದ್ರವ ಕೆಳಗೇ ನಿಲ್ಲುತ್ತದೆ. ಇಲ್ಲಿಯವರೆಗಿನದು ಹುಳದ ಕೆಲಸ. ಇದಾದ ಮೇಲೆ ಕಾಲನ್ನು ಆನೆಕಾಲು ಮಾಡುವುದು ಹೆಚ್ಚಾಗಿ ಬ್ಯಾಕ್ಟೀರಿಯಾ, ಮತ್ತು ಅದು ಒಳಬರುವುದು ಬೆರಳ ಸಂದಿಯಿಂದ. ಮಳೆಗಾಲದಲ್ಲಿ ಗಮ್‌ಬೂಟಿನೊಳಗೋ ಕೆಸರಿನಲ್ಲೋ ದಿನವಿಡೀ ಒದ್ದೆಯಾಗಿದ್ದ ಪಾದದ ಕಿರುಬೆರಳನ್ನು ಬಿಡಿಸಿ ನೋಡಿ. ಚರ್ಮ ಬೆಳ್ಳಗೆ ಉಬ್ಬಿ ಬಿರಿದಿರುತ್ತದೆ, ಅಡಿಯಲ್ಲಿ ಕೆಂಪು, ನವೆ, ಸ್ವಲ್ಪ ವಾಸನೆ. ಕೆಸರುಹುಣ್ಣು ಎಂದು ನಾವು ಲೆಕ್ಕಕ್ಕೇ ಹಿಡಿಯದ್ದು ಅದು. ಸರಿಯಾದ ಕಾಲಿನವರಿಗೆ ಅದು ತುರಿಕೆ ಮಾತ್ರ. ದುಗ್ಧರಸ ನಿಂತ ಕಾಲಿನಲ್ಲಿ ಮಾತ್ರ ಒಳಹೊಕ್ಕ ಬ್ಯಾಕ್ಟೀರಿಯಾ ಗ್ರಂಥಿಯವರೆಗೆ ಬೇಗ ಮುಟ್ಟುವುದಿಲ್ಲ, ಪ್ರೋಟೀನು ತುಂಬಿದ ದ್ರವದಲ್ಲಿ ಅಲ್ಲೇ ಬೆಳೆಯುತ್ತದೆ. ಸಂಜೆಗೆ ನಡುಕದ ಚಳಿಜ್ವರ, ಕಾಲು ಕೆಂಪಾಗಿ ಕುದಿಯುವಷ್ಟು ಬಿಸಿ, ತೊಡೆಸಂದಿಯಲ್ಲಿ ಗಡ್ಡೆ. ವಾರದಲ್ಲಿ ಇಳಿಯುತ್ತದೆ, ಊತ ಮಾತ್ರ ಪೂರ್ತಿ ಇಳಿಯುವುದಿಲ್ಲ. ವರ್ಷಕ್ಕೆ ಹಲವು ಸಲ ಹೀಗೆ ಬಂದು ಹೋಗುವಾಗ ಚರ್ಮ ದಪ್ಪವಾಗಿ ಮಡಿಕೆ ಬೀಳುತ್ತದೆ, ಗಂಟುಗಳೇಳುತ್ತವೆ.

ಬೆರಳಿನಿಂದ ಒತ್ತಿದರೆ ಗುಳಿ ಬೀಳುವ, ರಾತ್ರಿ ಮಲಗಿ ಎದ್ದಾಗ ಇಳಿದಿರುವ ಊತದ ಹಂತದಲ್ಲೇ ಹಿಡಿದರೆ ಈ ಕಾಲನ್ನು ಉಳಿಸಬಹುದು. 2004ರಿಂದ ದೇಶದಲ್ಲಿ ವರ್ಷಕ್ಕೊಮ್ಮೆ ಹಂಚಿದ ಡಿಇಸಿ ಮಾತ್ರೆ ರಕ್ತದ ಮರಿಹುಳವನ್ನು ಕಡಿಮೆ ಮಾಡಿ ಹರಡುವುದನ್ನು ತಡೆಯುತ್ತದೆ. ಅದಕ್ಕೇ ಜ್ವರವಿಲ್ಲದವರೂ ಅದನ್ನು ನುಂಗಬೇಕಾಗಿತ್ತು. ಆದರೆ ಊದಿದ ಕಾಲನ್ನು ಆ ಮಾತ್ರೆ ಇಳಿಸುವುದಿಲ್ಲ. ಇದನ್ನು ತಿಳಿಸಿ ಹೇಳದ ಕಾರಣ ಎಷ್ಟೋ ಮಂದಿ ಮಾತ್ರೆ ತಿಂದು, ಗುಣ ಕಾಣದೆ, ಇನ್ನು ಮದ್ದೇ ಇಲ್ಲವೆಂದು ಕಾಲನ್ನು ಸೀರೆಯ, ಲುಂಗಿಯ ಅಡಿಯಲ್ಲಿ ಮುಚ್ಚಿಟ್ಟು ಮದುವೆ ಮುಂಜಿಗೂ ಹೋಗದೆ ಮನೆಯಲ್ಲೇ ಉಳಿದರು. ಇದು ನನಗೆ ತುಂಬ ಸಂಕಟದ ವಿಷಯ. ಏಕೆಂದರೆ ಅವರಿಗೆ ಬೇಕಾದ ಚಿಕಿತ್ಸೆ ಇಲ್ಲೇ ಪಕ್ಕದಲ್ಲಿ ರೂಪುಗೊಂಡಿತ್ತು.

ಪುತ್ತೂರಿನಿಂದ ಬದಿಯಡ್ಕದ ಮಾರ್ಗವಾಗಿ ಕಾಸರಗೋಡಿಗೆ ಹೋದರೆ ಮಧೂರಿನ ಹತ್ತಿರ ಉಳಿಯತ್ತಡ್ಕದಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಇದೆ. ಚರ್ಮರೋಗ ತಜ್ಞ ಡಾ. ಎಸ್. ಆರ್. ನರಹರಿ ಮತ್ತು ಸಂಗಡಿಗರು 1999ರಲ್ಲಿ ಕಟ್ಟಿದ ಸಂಸ್ಥೆ. ಆಧುನಿಕ ವೈದ್ಯ, ಆಯುರ್ವೇದ, ಯೋಗ ಮೂರನ್ನೂ ಒಟ್ಟುಗೂಡಿಸಿ ಅವರು ಆನೆಕಾಲಿಗೆ ಒಂದು ಕ್ರಮ ರೂಪಿಸಿದರು. ಆಕ್ಸ್‌ಫರ್ಡಿನ ಚರ್ಮಶಾಸ್ತ್ರ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಅವರ ಜೊತೆಗೂಡಿದರು. ಮೊದಲು ಕಾಲನ್ನು ಸೋಪು ನೀರಿನಿಂದ ತೊಳೆದು ಒರೆಸುವುದು, ಗಿಡಮೂಲಿಕೆಯ ಕಷಾಯದಲ್ಲಿ ನೆನೆಸುವುದು, ಬೆರಳ ಸಂದಿಯ ಹುಣ್ಣಿಗೆ ಮುಲಾಮು. ಆಮೇಲೆ ಉಸಿರಾಟ ಮತ್ತು ಕಾಲಿನ ಚಲನೆ ಇರುವ ಯೋಗ, ದುಗ್ಧರಸ ಹರಿಯುವ ದಿಕ್ಕಿನಲ್ಲೇ ಮೃದುವಾಗಿ ನೀವುವುದು, ಕೊನೆಗೆ ಪಾದದಿಂದ ಮೇಲಕ್ಕೆ ಒತ್ತುಪಟ್ಟಿ ಸುತ್ತುವುದು. ಮೊದಲು ಹೇಳಿದ ರಚನೆಯನ್ನು ನೆನೆದರೆ ಇದರ ಒಂದೊಂದು ಹೆಜ್ಜೆಯೂ ಅರ್ಥವಾಗುತ್ತದೆ. ಪಟ್ಟಿ ಹೊರಗಿನಿಂದ ಒತ್ತಿದರೆ, ಬಿಗಿಯುವ ಸ್ನಾಯು ಒಳಗಿನಿಂದ ಒತ್ತುತ್ತದೆ. ನಡುವೆ ಸಿಕ್ಕ ದ್ರವಕ್ಕೆ ಮೇಲೇರುವುದಲ್ಲದೆ ಬೇರೆ ದಾರಿಯಿಲ್ಲ. ಕಲಬುರಗಿ ಮತ್ತು ಆಲಪ್ಪುಳ ಜಿಲ್ಲೆಗಳ ಹಳ್ಳಿಗಳಲ್ಲಿ ಇದನ್ನು ರೋಗಿಗಳಿಗೆ ಕಲಿಸಿ, ಮನೆಯಲ್ಲೇ ಮಾಡಿಸಿ ನೋಡಿದರು. ಊತ ಇಳಿಯಿತು, ಚಳಿಜ್ವರದ ದಾಳಿಗಳು ಕಡಿಮೆಯಾದವು. ಬ್ರೆಜಿಲಿನ ರೆಸಿಫೆಯಲ್ಲಿ ಜೆರುಸಾ ಡ್ರೇಯರ್ ಎಂಬ ವೈದ್ಯೆ ಸೋಪು, ನೀರು, ಒಣಬಟ್ಟೆಗಳಿಂದ ಕಲಿಸಿದ್ದೂ ಇದೇ ಪಾಠ.

ಸ್ತನದ ಕ್ಯಾನ್ಸರಿಗೆ ಕಂಕುಳ ಗ್ರಂಥಿಗಳನ್ನು ತೆಗೆಸಿಕೊಂಡ ಹೆಂಗಸರಿಗೂ ಈ ಮಾತು ಸಲ್ಲುತ್ತದೆ. ಆ ಕೈಯ ಹರಿವಿಗೆ ದಾರಿ ಕಡಿಮೆಯಾಗಿರುತ್ತದೆ. ಕೈ ಭಾರವೆನಿಸಿದರೆ, ಬಳೆ ಬಿಗಿಯಾದರೆ ತಡಮಾಡದೆ ತೋರಿಸಬೇಕು. ಅಡುಗೆಮನೆಯ ಸುಟ್ಟಗಾಯ, ಕೀವುಕಟ್ಟಿದ ಉಗುರಿನ ಅಂಚು, ಸೊಪ್ಪು ಕೊಯ್ಯುವಾಗಿನ ಗೀರು ಇವನ್ನು ಆ ಕೈಯಲ್ಲಿ ಕಡೆಗಣಿಸುವಂತಿಲ್ಲ.

ಸರಕಾರ ಆನೆಕಾಲಿನವರಿಗೆ ಒಂದು ಕಿಟ್ ಕೊಡುತ್ತದೆ: ಬೇಸಿನ್, ಮಗ್, ಸೋಪು, ಟವೆಲ್, ಮುಲಾಮು. ಕೊಟ್ಟು ಸಹಿ ಹಾಕಿಸಿಕೊಂಡರೆ ಸಾಲದು. ಆ ಬೇಸಿನ್ನಿನಲ್ಲಿ ಕಾಲಿಡಿಸಿ ಒಮ್ಮೆ ತೊಳೆದು ತೋರಿಸಬೇಕು: ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರು, ಉಜ್ಜದೆ ಮೆಲ್ಲಗೆ ಕೈಯಿಂದ, ಮಡಿಕೆಗಳ ಒಳಗೂ, ತೊಳೆದ ನೀರು ತಿಳಿಯಾಗುವವರೆಗೆ. ಆಮೇಲೆ ಒಂದೊಂದೇ ಬೆರಳನ್ನು ಬಿಡಿಸಿ, ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ಸಂದಿಯ ಹಸಿ ತೆಗೆದು ಮುಲಾಮು ಹಚ್ಚುವುದು. ಬಗ್ಗಲಾರದವರಿಗೆ ಇದನ್ನು ಮನೆಯವರು ಮಾಡಬೇಕು, ಹಾಗಾಗಿ ತೋರಿಸುವಾಗ ಮನೆಯವರೂ ಎದುರಿಗೆ ಇರಬೇಕು. ಕುಳಿತಾಗ ಕಾಲನ್ನು ಸ್ಟೂಲಿನ ಮೇಲಿಟ್ಟು ಹಿಮ್ಮಡಿ ಮೇಲೆ ಕೆಳಗೆ ಆಡಿಸುವುದನ್ನು ಹೇಳಿಕೊಡಬೇಕು. ಆಶಾ ಕಾರ್ಯಕರ್ತೆಯರಿಗೆ ಇದನ್ನು ಕಲಿಸಲು ಅರ್ಧ ದಿನ ಸಾಕು. ಜೂನಿನ ಮೊದಲ ಮಳೆಗೆ ಮುಂಚೆಯೇ ಅದು ನಡೆಯಬೇಕು, ಕೆಸರುಹುಣ್ಣು ಶುರುವಾಗುವುದು ಆಮೇಲೆ ತಾನೆ.